ನಗರದ ವಿಪತ್ತು ಯೋಜನೆಯಲ್ಲಿ ನಮ್ಮ ಮನೆ ಎಲ್ಲಿದೆ?



ವರದಕ್ಷಿಣೆ, ಹೊಡೆತ, ಪೊಲೀಸು, ಕೋರ್ಟು ಎಂದು ಬರೆಯುವ ಈ ಪುಟಗಳಲ್ಲಿ ಈ ಸಲ ಮಳೆ, ಪ್ರವಾಹ, ಬೆಂಕಿ, ಲಾಕ್‌ಡೌನ್ ಕುರಿತು ಬರೆಯಲು ಹೊರಟಿದ್ದೇನೆ. ಇದು ನಮ್ಮ ವಿಷಯವೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ರಾಜಕಾಲುವೆ ಉಕ್ಕಿ ನೀರು ನುಗ್ಗಿದರೆ ಅದು ಪಾಲಿಕೆಯ ಕೆಲಸ, ಗಂಡ ಹೊಡೆದರೆ ಅದು ಮಹಿಳಾ ಸಂಘಟನೆಯ ಕೆಲಸ ಎಂದು ನಾವೇ ಎರಡು ಬೇರೆ ಬೇರೆ ಖಾತೆ ತೆರೆದು ಇಟ್ಟಿದ್ದೇವೆ. ಸರ್ಕಾರವೂ ಹಾಗೇ ಮಾಡಿದೆ. ಆದರೆ ನೀರು ನುಗ್ಗುವುದೂ ಅದೇ ಮನೆಗೆ, ಹೊಡೆತ ಬೀಳುವುದೂ ಅದೇ ಮನೆಯಲ್ಲಿ. ಮಳೆ ಬಂದ ದಿನ ಗಂಡನ ಕೈಯೇನೂ ಸುಮ್ಮನಿರುವುದಿಲ್ಲ. ಕೂಲಿ ನಿಂತಾಗ, ಪಾತ್ರೆ ಪಗಡೆ ಕೊಚ್ಚಿ ಹೋದಾಗ, ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಸಿಕ್ಕಿಹಾಕಿಕೊಂಡಾಗ ಆ ಕೈ ಇನ್ನಷ್ಟು ಬೇಗ ಮೇಲೇಳುತ್ತದೆ. ಅಂಥ ದಿನ ಅವಳು ಓಡಿಹೋಗುವ ಬಾಗಿಲುಗಳು ಮಾತ್ರ ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ.

ಈ ಮಾತು ಈಗ ಯಾಕೆ ಎಂದರೆ, ನಮ್ಮ ನಗರಗಳ ವಿಪತ್ತು ಯೋಜನೆಗಳನ್ನು ಹೊಸದಾಗಿ ಬರೆಯುವ ಕಾಲ ಬಂದಿದೆ. ಬೆಂಗಳೂರನ್ನೇ ನೋಡಿ. 2025ರ ಸೆಪ್ಟೆಂಬರ್ 2ರಂದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಇದ್ದ ಜಾಗದಲ್ಲಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಐದು ನಗರ ಪಾಲಿಕೆಗಳು ಬಂದವು. ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ಹಳೆಯ ಪಾಲಿಕೆಯ ಹೆಸರಿನಲ್ಲಿ ಹಂಚಿದ್ದ ಪ್ರತಿಯೊಂದು ಕೆಲಸಕ್ಕೂ ಈಗ ಹೊಸ ಹೊಣೆಗಾರರನ್ನು ಹೆಸರಿಸಬೇಕು. ಅದೇ ವರ್ಷ ಏಪ್ರಿಲ್‌ನಲ್ಲಿ ವಿಪತ್ತು ನಿರ್ವಹಣಾ ಕಾಯ್ದೆಯ ತಿದ್ದುಪಡಿಯೂ ಜಾರಿಗೆ ಬಂತು. ಅದರ ಪ್ರಕಾರ ರಾಜಧಾನಿಗೂ ಮಹಾನಗರ ಪಾಲಿಕೆ ಇರುವ ಊರುಗಳಿಗೂ ರಾಜ್ಯ ಸರ್ಕಾರ ಪ್ರತ್ಯೇಕ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ರಚಿಸಬಹುದು. ಪಾಲಿಕೆಯ ಆಯುಕ್ತರು ಅದರ ಅಧ್ಯಕ್ಷರು, ಜಿಲ್ಲಾಧಿಕಾರಿ ಉಪಾಧ್ಯಕ್ಷರು. ಅಂದರೆ ಇದು ಬೆಂಗಳೂರಿನವರ ವಿಷಯ ಮಾತ್ರವಲ್ಲ. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಅಕ್ಕತಂಗಿಯರೂ ಕಿವಿಗೊಟ್ಟು ಕೇಳಬೇಕಾದ ವಿಷಯ.

ಯೋಜನೆ ಎಂದರೇನು? ವಿಪತ್ತು ಬಂದಾಗ ಯಾರು ಏನು ಮಾಡಬೇಕು ಎಂದು ಮೊದಲೇ ಬರೆದಿಡುವ ಪುಸ್ತಕ. 2005ರಲ್ಲಿ ಬಂದ ವಿಪತ್ತು ನಿರ್ವಹಣಾ ಕಾಯ್ದೆ ಪ್ರತಿ ಜಿಲ್ಲೆಗೂ ಇಂಥ ಯೋಜನೆ ಇರಬೇಕೆಂದು ಹೇಳಿತು. ಅದನ್ನು ವರ್ಷಕ್ಕೊಮ್ಮೆ ಪರಿಶೀಲಿಸಿ ತಿದ್ದಬೇಕೆಂದು 31ನೇ ಕಲಮಿನಲ್ಲಿ ಬರೆಯಿತು. ಯಾವ ಬಡಾವಣೆ ಮುಳುಗುತ್ತದೆ, ದೋಣಿ ಎಲ್ಲಿದೆ, ಜನರನ್ನು ಯಾವ ಶಾಲೆಗೆ ಸಾಗಿಸಬೇಕು, ಯಾವ ಆಸ್ಪತ್ರೆ ಸಜ್ಜಾಗಿರಬೇಕು, ಯಾರ ಫೋನು ಹಗಲು ರಾತ್ರಿ ಎತ್ತಬೇಕು, ಇವೆಲ್ಲ ಅದರಲ್ಲಿ ಇರಬೇಕು. ಪುಸ್ತಕದಲ್ಲಿ ಇರುವುದೆಲ್ಲ ನಡೆದೇ ನಡೆಯುತ್ತದೆ ಎನ್ನಲಾಗದು, ಅದು ನಮಗೆ ಗೊತ್ತು. ಆದರೆ ಪುಸ್ತಕದಲ್ಲಿ ಇಲ್ಲದ್ದನ್ನು ಆ ದಿನ ಯಾರೂ ಮಾಡುವುದಿಲ್ಲ. ಹಣವೂ ಇರುವುದಿಲ್ಲ, ಆಳೂ ಇರುವುದಿಲ್ಲ, ಕೇಳಿದರೆ ಆದೇಶ ಇಲ್ಲ ಎನ್ನುತ್ತಾರೆ.

ಇಂಥ ಯೋಜನೆಯನ್ನು ತಿದ್ದುವ ಸಭೆಯೊಂದಕ್ಕೆ ನಾನು ಹೋಗಿದ್ದೆ. ಯಾವ ಊರು, ಯಾವ ಕಚೇರಿ ಎಂದು ಬರೆಯುವುದಿಲ್ಲ. ಅಲ್ಲಿ ಕೇಳಿದ್ದನ್ನು ಎಲ್ಲ ಊರಿನಲ್ಲೂ ಕೇಳಬಹುದು. ದಪ್ಪ ಪುಸ್ತಕದಲ್ಲಿ ಜೆಸಿಬಿ ಎಷ್ಟು, ಪಂಪ್‌ಸೆಟ್ ಎಷ್ಟು, ಮರಳಿನ ಚೀಲ ಎಷ್ಟು, ಈಜು ಬಲ್ಲವರು ಯಾರು ಎಂದು ಪಟ್ಟಿ ಇತ್ತು. ಒಳ್ಳೆಯ ಪಟ್ಟಿಯೇ. ಹೆಂಗಸರ ಹೆಸರು ಬಂದದ್ದು ಒಂದೇ ಸಾಲಿನಲ್ಲಿ. ದುರ್ಬಲ ವರ್ಗಗಳು ಎಂದು ಬರೆದು, ಮುಂದೆ ಮಹಿಳೆಯರು, ಮಕ್ಕಳು, ವೃದ್ಧರು, ಅಂಗವಿಕಲರು ಎಂದಿತ್ತು. ಅಷ್ಟೇ. ಮನೆಯೊಳಗಿನ ಹಿಂಸೆಯಿಂದ ತಪ್ಪಿಸಿಕೊಂಡು ಬರುವವಳಿಗೆ ಆ ದಿನ ಯಾವ ವ್ಯವಸ್ಥೆ ಇದೆ ಎಂದು ನಾನು ಕೇಳಿದೆ. ಅಧಿಕಾರಿಯೊಬ್ಬರು ಸೌಜನ್ಯದಿಂದಲೇ ಹೇಳಿದರು: "ಮೇಡಂ, ಇದು ಪ್ರವಾಹದ ವಿಷಯ. ಗಂಡ ಹೆಂಡತಿ ಜಗಳಕ್ಕೆ ಬೇರೆ ಇಲಾಖೆ ಇದೆಯಲ್ಲ."

ಹೌದು, ಬೇರೆ ಇಲಾಖೆ ಇದೆ. ಆದರೆ ಪ್ರವಾಹದ ದಿನ ಆ ಇಲಾಖೆ ಎಲ್ಲಿರುತ್ತದೆ? ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಆಗಿ, 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ವರದಕ್ಷಿಣೆ ತಾ ಎಂದು ಪೀಡಿಸುವುದನ್ನೂ ಅದು ದೌರ್ಜನ್ಯವೆಂದೇ ಎಣಿಸುತ್ತದೆ. ಅದರ ಪ್ರಕಾರ ನಮ್ಮ ಮೊದಲ ದಿಕ್ಕು ಸಂರಕ್ಷಣಾಧಿಕಾರಿ. ನಮ್ಮ ರಾಜ್ಯದಲ್ಲಿ ಆ ಕೆಲಸವನ್ನು ಹೆಚ್ಚಾಗಿ ವಹಿಸಿರುವುದು ಸಿಡಿಪಿಒ ಎಂದು ನಾವು ಕರೆಯುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ. ಅಂಗನವಾಡಿಗಳ ಹೊಣೆ ಅವರದೇ, ಪೌಷ್ಟಿಕ ಆಹಾರದ ಹೊಣೆ ಅವರದೇ. ಪ್ರವಾಹ ಬಂದರೆ ಪರಿಹಾರ ಕೇಂದ್ರದ ಕೆಲಸಕ್ಕೆ ಕರೆಯುವುದೂ ಅವರನ್ನೇ. ಪೊಲೀಸರು ಸೇತುವೆ ಕಾಯಲು ಹೋಗಿರುತ್ತಾರೆ. ತಹಶೀಲ್ದಾರರು ಬೆಳೆ ಹಾನಿ, ಮನೆ ಹಾನಿ ಎಣಿಸುತ್ತಿರುತ್ತಾರೆ. ಆಸ್ಪತ್ರೆಯ ಹಾಸಿಗೆ ತುಂಬಿರುತ್ತದೆ. ಸಾಮಾನ್ಯ ದಿನದಲ್ಲಿ ಮಹಿಳೆಗೆ ಇರುವ ನಾಲ್ಕು ಆಸರೆಗಳನ್ನೂ ವಿಪತ್ತಿನ ಯೋಜನೆಯೇ ಎತ್ತಿಕೊಂಡು ಬೇರೆ ಕಡೆ ಇಡುತ್ತದೆ. ಅವರ ಬದಲಿಗೆ ಯಾರು ಎಂದು ಬರೆಯುವುದಿಲ್ಲ. ನನ್ನ ತಕರಾರು ಇಷ್ಟೇ.

ಇದು ಕಲ್ಪನೆಯ ಮಾತಲ್ಲ. 2020ರ ಮಾರ್ಚ್ 24ರ ರಾತ್ರಿ ದೇಶಕ್ಕೆ ಬೀಗ ಬಿತ್ತು. ಆ ಆದೇಶ ಹೊರಟದ್ದು ಇದೇ 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಅಡಿಯಲ್ಲಿ. ಹಾಲು, ತರಕಾರಿ, ಔಷಧಿ, ಬ್ಯಾಂಕು ಅಗತ್ಯ ಸೇವೆ ಎಂದು ಪಟ್ಟಿಯಾದವು. ಹೊಡೆಸಿಕೊಂಡವಳು ಮನೆಯಿಂದ ಹೊರಬಂದು ತವರಿಗೆ ಹೋಗುವುದು ಯಾವ ಪಟ್ಟಿಯಲ್ಲಿತ್ತು? ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಫೆಬ್ರವರಿ 27ರಿಂದ ಮಾರ್ಚ್ 22ರವರೆಗಿನ 25 ದಿನಗಳಲ್ಲಿ ಬಂದಿದ್ದ ಕೌಟುಂಬಿಕ ಹಿಂಸೆಯ ದೂರು 123. ಮಾರ್ಚ್ 23ರಿಂದ ಏಪ್ರಿಲ್ 16ರವರೆಗಿನ 25 ದಿನಗಳಲ್ಲಿ ಅದು 239 ಆಯಿತು. ಬಸ್ಸು ನಿಂತಿತ್ತು, ಫೋನು ಗಂಡನ ಕೈಯಲ್ಲಿತ್ತು. ಆದರೂ ಇಷ್ಟು ದೂರು ಬಂತು. ಬರಲಾರದೆ ಉಳಿದದ್ದು ಎಷ್ಟೋ! ಏಪ್ರಿಲ್ 10ರಂದು ಆಯೋಗ ವಾಟ್ಸಾಪ್ ನಂಬರೊಂದನ್ನು ತೆರೆಯಬೇಕಾಯಿತು. ಜಮ್ಮು-ಕಾಶ್ಮೀರದ ಹೈಕೋರ್ಟು ಆ ತಿಂಗಳು ತಾನಾಗಿಯೇ ಈ ವಿಷಯ ಕೈಗೆತ್ತಿಕೊಂಡು, ಕಿರಾಣಿ ಅಂಗಡಿ, ಔಷಧಿ ಅಂಗಡಿಯಂಥ ಜಾಗಗಳನ್ನು ಹೆಂಗಸರು ಗುಟ್ಟಾಗಿ ದೂರು ಹೇಳುವ ಸುರಕ್ಷಿತ ಸ್ಥಳಗಳನ್ನಾಗಿ ಗುರುತಿಸಿ ಎಂದು ಹೇಳಿತು. ಎಷ್ಟು ಸರಳ ಉಪಾಯ ನೋಡಿ. ಅದನ್ನು ಮೊದಲೇ ಯೋಚಿಸಿ ಯೋಜನೆಯಲ್ಲಿ ಬರೆದಿಟ್ಟಿದ್ದರೆ ಕೋರ್ಟು ಹೇಳುವವರೆಗೆ ಕಾಯಬೇಕಿರಲಿಲ್ಲ.

ನಮ್ಮ ರಾಜ್ಯದ ಲೆಕ್ಕವನ್ನೂ ತಿಳಿದಿರಬೇಕು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು 20.6 ಇತ್ತು. ನೆನಪಿಡಿ, ನಮ್ಮ ರಾಜ್ಯದಲ್ಲಿ ಈ ಸಮೀಕ್ಷೆ ನಡೆದದ್ದು 2019ರಲ್ಲಿ, ಕೊರೊನಾ ಬರುವ ಮೊದಲೇ. ಬೀಗ ಬೀಳುವ ಮೊದಲೇ ನೂರರಲ್ಲಿ ನಲವತ್ತನಾಲ್ಕು ಮನೆಗಳಲ್ಲಿ ಇದ್ದ ಪರಿಸ್ಥಿತಿ ಇದು. ದೇಶದ ಲೆಕ್ಕದಲ್ಲಿ, ಹಿಂಸೆ ಅನುಭವಿಸಿದವರಲ್ಲಿ ಸಹಾಯ ಕೇಳಿದವರು ಕೇವಲ ಶೇಕಡಾ 14. ಇನ್ನು ಯಾವ ನಗರದ ಯಾವ ಅಧಿಕಾರಿ ಇದನ್ನು ಅಪರೂಪದ ವಿಷಯ ಎನ್ನಬಲ್ಲರು? ಯಾವ ವಾರ್ಡು ಮುಳುಗುತ್ತದೆ ಎಂದು ನಕ್ಷೆ ಬರೆಯುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡವೇ?

ನೀರು ಹೆಣ್ಣು ಗಂಡು ಎಂದು ನೋಡುವುದಿಲ್ಲ ಎನ್ನುತ್ತಾರೆ. ನೀರು ನೋಡುವುದಿಲ್ಲ, ನಿಜ. ಆದರೆ ಹೆಣ್ಣನ್ನು ಬೆಳೆಸುವ ರೀತಿ ನೋಡುತ್ತದೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ ಸತ್ತವರ ಲೆಕ್ಕವನ್ನು ಆಕ್ಸ್‌ಫಾಮ್ ಸಂಸ್ಥೆ ಮರುವರ್ಷ ಪ್ರಕಟಿಸಿತು. ಹೆಂಗಸರು 391, ಗಂಡಸರು 146. ಈಜು, ಮರ ಹತ್ತುವುದು ಹೆಚ್ಚಾಗಿ ಗಂಡುಮಕ್ಕಳಿಗೆ ಬಂದಿತ್ತು. ಹೆಂಗಸರು ಮೀನಿಗಾಗಿ ದಡದಲ್ಲಿ ಕಾದಿದ್ದರು, ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಎಣಿಸುವಾಗ ಹೆಣ್ಣು ಎಷ್ಟು, ಗಂಡು ಎಷ್ಟು ಎಂದು ಬೇರೆಬೇರೆ ಎಣಿಸಿದ್ದರಿಂದ ಈ ಸತ್ಯ ಹೊರಬಂತು. ನಮ್ಮ ನಗರಗಳು ಹಾಗೆ ಎಣಿಸುತ್ತವೆಯೇ?

2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ 131.6 ಮಿಲಿಮೀಟರ್ ಮಳೆ ಬಿತ್ತು. ಮಹದೇವಪುರ, ಬೆಳ್ಳಂದೂರು ಕಡೆ ಟ್ರ್ಯಾಕ್ಟರ್ ಹತ್ತಿ ಹೋಗುತ್ತಿದ್ದ ಕಂಪನಿ ನೌಕರರ ಚಿತ್ರಗಳು ದೇಶದ ಪತ್ರಿಕೆಗಳಲ್ಲೆಲ್ಲ ಬಂದವು. ಆ ಮನೆಗಳಲ್ಲಿ ಪಾತ್ರೆ ತೊಳೆಯುವ, ನೆಲ ಒರೆಸುವ ಹೆಂಗಸರ ಶೆಡ್ಡುಗಳು ಇರುವುದೂ ಅದೇ ತಗ್ಗಿನಲ್ಲಿ. ಅವರ ಸಂಬಳ ನಿಂತಿತು, ಅಕ್ಕಿ ನೆನೆಯಿತು. 2025ರ ಮೇ ತಿಂಗಳಲ್ಲಿ ಹೊರಮಾವು ಕಡೆಯ ಸಾಯಿ ಲೇಔಟಿನಲ್ಲಿ ಮತ್ತೆ ಮನೆಗಳಿಗೆ ನೀರು ನುಗ್ಗಿತು. ನೀರು ಇಳಿದ ಮೇಲೆ ಏನಾಗುತ್ತದೆ ಎಂದು ಸಂಘದ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಟಿವಿ ಹೋಯಿತು, ಗಾಡಿ ಕೆಟ್ಟಿತು, ಹೋಗಿ ತವರಿನಿಂದ ತಾ. ಸಂಘದಲ್ಲಿ ಸಾಲ ಎತ್ತು. ಮೂಗುಬೊಟ್ಟು ಬಿಚ್ಚು. ಮದುವೆಯಾದಾಗ ಒಮ್ಮೆ ಕೊಟ್ಟ ವರದಕ್ಷಿಣೆಯನ್ನು ಮಳೆ ಬಂದಾಗಲೆಲ್ಲ ಮತ್ತೆ ಕೊಡಬೇಕು. ಸಾಲದ ಭಾರಕ್ಕೆ ಹೆದರಿದ ತಂದೆ ಮಗಳ ಶಾಲೆ ಬಿಡಿಸಿ, ನಾಲ್ಕು ಜನರನ್ನು ಕರೆದು ಮದುವೆ ಮುಗಿಸುತ್ತಾನೆ. ಖರ್ಚು ಉಳಿಯಿತು ಎನ್ನುತ್ತಾನೆ. ಯಾವ ಹಾನಿ ಪಟ್ಟಿಯಲ್ಲಿ ಇದನ್ನೆಲ್ಲ ಬರೆಯುತ್ತಾರೆ?

ಹಾಗಾದರೆ ಹೊಸ ಯೋಜನೆಯಲ್ಲಿ ಏನಿರಬೇಕು? ದೊಡ್ಡ ಮಾತು ಬೇಡ. ಹಣ ಹೆಚ್ಚು ಬೇಡದ, ಬರೆದರೆ ಮಾಡಬಹುದಾದ ಆರು ಬೇಡಿಕೆಗಳನ್ನು ಮುಂದಿಡುತ್ತೇನೆ.

ಒಂದು. ಸಂರಕ್ಷಣಾಧಿಕಾರಿ, ಸಖಿ ಒನ್ ಸ್ಟಾಪ್ ಸೆಂಟರ್, 181 ಸಹಾಯವಾಣಿ, ಹೆಂಗಸರ ಆಶ್ರಯ ಗೃಹಗಳು ಅಗತ್ಯ ಸೇವೆ ಎಂದು ಯೋಜನೆಯಲ್ಲೇ ಹೆಸರು ಹಿಡಿದು ಬರೆಯಬೇಕು. ಸಿಡಿಪಿಒ ಅವರನ್ನು ಪರಿಹಾರದ ಕೆಲಸಕ್ಕೆ ಕಳಿಸಿದರೆ ಸಂರಕ್ಷಣಾಧಿಕಾರಿಯ ಕೆಲಸಕ್ಕೆ ಬದಲಿ ಯಾರು ಎಂದು ಹೆಸರು, ಫೋನ್ ನಂಬರ್ ಸಹಿತ ಇರಬೇಕು. ಅವರಿಗೆ ಗಾಡಿ, ಪಾಸು, ಕರೆಂಟು ಹೋದರೆ ಜನರೇಟರ್ ಇರಬೇಕು. ದೌರ್ಜನ್ಯ ಕಾಯ್ದೆಯ ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ಆಗಬೇಕೆಂದು ಕಾನೂನು ಹೇಳುತ್ತದೆ. ಪ್ರವಾಹ ಬಂದಿತೆಂದು ಆ ಮೂರು ದಿನ ಮೂರು ತಿಂಗಳಾಗಬಾರದು.

ಎರಡು. ಪರಿಹಾರ ಕೇಂದ್ರ. ಮೊದಲು ಗಂಜಿ ಕೇಂದ್ರ ಎನ್ನುತ್ತಿದ್ದರು, ಈಗ ಕಾಳಜಿ ಕೇಂದ್ರ ಎನ್ನುತ್ತಾರೆ. ಹೆಸರು ಚೆನ್ನಾಗಿದೆ. ಕಾಳಜಿ ಇರಬೇಕಾದದ್ದು ಕಕ್ಕಸಿನ ಚಿಲಕದಲ್ಲಿ, ದಾರಿಯ ದೀಪದಲ್ಲಿ. ಹೆಂಗಸರಿಗೆ ಬೇರೆ ಕಕ್ಕಸು, ಬಚ್ಚಲು, ಒಳಗಿನಿಂದ ಚಿಲಕ, ರಾತ್ರಿಯಿಡೀ ದೀಪ, ಮುಟ್ಟಿನ ಬಟ್ಟೆ, ಮಗುವಿಗೆ ಹಾಲೂಡಿಸಲು ಮರೆ, ಮಹಿಳಾ ಪೊಲೀಸ್ ಇರಬೇಕು. ಇದರ ಜೊತೆಗೆ ಇನ್ನೊಂದು. ಒಬ್ಬಳು ಒಬ್ಬಂಟಿಯಾಗಿ ಮಕ್ಕಳನ್ನು ಕಟ್ಟಿಕೊಂಡು ಬಂದರೆ ಅವಳ ಹೆಸರನ್ನೇ ಬರೆದುಕೊಳ್ಳಬೇಕು. ಗಂಡ ಬಂದು ಹೆಂಡತಿ ಇದ್ದಾಳೆಯೇ ಎಂದು ಕೇಳಿದರೆ ಅವಳನ್ನು ಕೇಳದೆ ಹೇಳಬಾರದು, ಒಪ್ಪಿಸಬಾರದು. ಅವಳು ನೀರಿನಿಂದ ಮಾತ್ರ ಓಡಿ ಬಂದಿದ್ದಾಳೆ ಎಂದು ಯಾರು ಹೇಳಿದರು?

ಮೂರು. ಪರಿಹಾರದ ಹಣ. ಮನೆಯ ಯಜಮಾನ ಎಂದು ಗಂಡಸಿನ ಖಾತೆಗೆ ಹಣ ಹಾಕಿದರೆ ಅದು ಎಲ್ಲಿಗೆ ಹೋಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಅದು ಹಾಗೇ ಇರಬೇಕೆಂದು ಯಾವ ದೇವರೂ ಹೇಳಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 13ನೇ ಕಲಮಿನಲ್ಲಿ, ಪಡಿತರ ಚೀಟಿಯ ಮಟ್ಟಿಗೆ ಮನೆಯ ಹಿರಿಯ ಹೆಂಗಸೇ ಕುಟುಂಬದ ಯಜಮಾನಿ ಎಂದು ಬರೆದಿದೆ. ನಮ್ಮ ರಾಜ್ಯ 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರು ಮಾಡಿದಾಗ ಯಜಮಾನಿಯ ಖಾತೆಗೇ ತಿಂಗಳಿಗೆ 2,000 ರೂಪಾಯಿ ಎಂದಿತು. ಅಕ್ಕಿಗೆ ಯಜಮಾನಿಯಾದವಳು ಪ್ರವಾಹದ ಪರಿಹಾರಕ್ಕೆ ಯಾಕೆ ಅಲ್ಲ? ಸುನಾಮಿಯ ನಂತರ ತಮಿಳುನಾಡು ಕಟ್ಟಿಕೊಟ್ಟ ಮನೆಗಳನ್ನು ಹೆಂಡತಿ ಗಂಡ ಇಬ್ಬರ ಹೆಸರಿನಲ್ಲಿ ಬರೆಯಬೇಕೆಂದು ಸರ್ಕಾರ ತೀರ್ಮಾನಿಸಿತ್ತು. ದಾರಿ ಇದೆ, ನಡೆಯುವ ಮನಸ್ಸು ಬೇಕು.

ನಾಲ್ಕು. ಗಂಡ ಬಿಟ್ಟವಳು, ಗಂಡನನ್ನು ಬಿಟ್ಟು ಬಂದವಳು, ವಿಧವೆ, ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುವವಳು. ಇವರ ಹೆಸರು ಇನ್ನೂ ಗಂಡನ ಚೀಟಿಯಲ್ಲೇ ಇರುತ್ತದೆ. ಪರಿಹಾರ ಅಲ್ಲಿಗೆ ಹೋಗುತ್ತದೆ, ಮುಳುಗಿದ್ದು ಇವಳ ಪಾತ್ರೆ. 2005ರ ಕಾಯ್ದೆಯ 12ನೇ ಕಲಮಿನಲ್ಲೇ ವಿಧವೆಯರಿಗೂ ಅನಾಥರಿಗೂ ವಿಶೇಷ ಏರ್ಪಾಡು ಇರಬೇಕೆಂದು ಬರೆದಿತ್ತು. 61ನೇ ಕಲಮು ಪರಿಹಾರದಲ್ಲಿ ಲಿಂಗ, ಜಾತಿ, ಸಮುದಾಯ, ಧರ್ಮದ ಹೆಸರಿನಲ್ಲಿ ಭೇದ ಮಾಡಬಾರದೆಂದಿತು. ಇದನ್ನು ನಡೆಸಬೇಕಾದರೆ ವಾಸ ಇರುವವಳ ಹೆಸರಿಗೇ ಪರಿಹಾರ ಎಂಬ ನಿಯಮ ಬೇಕು. ಅಕ್ಕಪಕ್ಕದವರ, ಸಂಘದ ಹೇಳಿಕೆಯನ್ನು ಸಾಕ್ಷಿಯೆಂದು ಒಪ್ಪಬೇಕು.

ಐದು. ಕಾಗದ ಪತ್ರ. ನಮ್ಮ ಕೇಸುಗಳು ನಿಂತಿರುವುದೇ ಕಾಗದದ ಮೇಲೆ. ಮದುವೆಯ ಫೋಟೋ, ಕೊಟ್ಟ ಒಡವೆಯ ರಸೀದಿ, ಆಸ್ಪತ್ರೆಯ ಚೀಟಿ, ದೂರಿನ ಪ್ರತಿ, ಕೋರ್ಟಿನ ಆದೇಶ. ನೀರಿನಲ್ಲಿ ಇವು ಹೋದರೆ ಅವಳ ಸ್ತ್ರೀಧನದ ಹಕ್ಕೂ ಹೋದ ಹಾಗೆ. ಒಡವೆಯೆಲ್ಲ ಪ್ರವಾಹದಲ್ಲಿ ಹೋಯಿತು ಎಂದು ಅತ್ತೆಮನೆಯವರು ಹೇಳಿದರೆ ಎದುರು ಹೇಳಲು ಏನಿರುತ್ತದೆ? ಪ್ರತಿ ಕಾಳಜಿ ಕೇಂದ್ರದಲ್ಲೂ ಆಧಾರ್, ಪಡಿತರ ಚೀಟಿಯ ನಕಲಿನ ಜೊತೆಗೆ ಪೊಲೀಸ್ ದೂರು, ಕೋರ್ಟಿನ ಆದೇಶಗಳ ನಕಲನ್ನೂ ಪುಕ್ಕಟೆ ಕೊಡಿಸುವ ಮೇಜೊಂದು ಇರಲಿ.

ಆರು. ಬೆಂಕಿ. ಇದನ್ನು ಕೊನೆಗೆ ಹೇಳಿದರೂ ನನಗೆ ಇದೇ ಮೊದಲನೆಯದು. 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯವರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ, ಪೊಲೀಸ್ ದಾಖಲೆ ಹುಡುಕಿ, ಸ್ಟೌ ಸಿಡಿದು ಸತ್ತಳು ಎಂದು ಬರೆದ ಎಷ್ಟೋ ಸಾವುಗಳನ್ನು ಪ್ರಶ್ನಿಸಿದರು. ಎಲ್ಲ ಮನೆಯಲ್ಲೂ ಸೊಸೆ ಅಡಿಗೆ ಮಾಡುವಾಗಲೇ ಸ್ಟೌ ಯಾಕೆ ಸಿಡಿಯುತ್ತದೆ ಎಂಬ ಆ ಪ್ರಶ್ನೆಗೆ ಇನ್ನೂ ವಯಸ್ಸಾಗಿಲ್ಲ. ಸ್ಟೌ ಹೋಗಿ ಗ್ಯಾಸ್ ಬಂತು, ಅಪಘಾತ ಎಂಬ ಮಾತು ಉಳಿಯಿತು. ಮದುವೆಯಾಗಿ 7 ವರ್ಷದೊಳಗೆ ಹೆಣ್ಣು ಅನುಮಾನಾಸ್ಪದವಾಗಿ ಸತ್ತರೆ ಮ್ಯಾಜಿಸ್ಟ್ರೇಟ್ ದರ್ಜೆಯ ಅಧಿಕಾರಿ ಶವ ಮಹಜರು ಮಾಡಬೇಕು. ನಮ್ಮಲ್ಲಿ ಅದು ಸಾಮಾನ್ಯವಾಗಿ ತಹಶೀಲ್ದಾರರ ಕೆಲಸ. ವಿಪತ್ತಿನ ದಿನ ಆ ತಹಶೀಲ್ದಾರರು ಎಲ್ಲಿರುತ್ತಾರೆ ಎಂದು ಮೊದಲೇ ಹೇಳಿದೆ. ಸಾವುಗಳು ರಾಶಿಯಾಗಿ ಬಂದ ದಿನ ಒಂದು ಕೊಲೆ ಆ ರಾಶಿಯಲ್ಲಿ ಸುಲಭವಾಗಿ ಸೇರಿಹೋಗುತ್ತದೆ. ಮುಳುಗಿ ಸತ್ತಳು, ಕರೆಂಟು ಹೊಡೆಯಿತು, ಸಿಲಿಂಡರ್ ಸಿಡಿಯಿತು ಎಂದು ಬರೆದರೆ ಪರಿಹಾರದ ಹಣವೂ ಗಂಡನಿಗೇ ಸಿಗುತ್ತದೆ. ಆದ್ದರಿಂದ ವಿಪತ್ತಿನಲ್ಲಿ ಸತ್ತ ಪ್ರತಿ ವಿವಾಹಿತ ಹೆಣ್ಣಿನ ವಿಷಯದಲ್ಲೂ ತವರಿನವರನ್ನು ಕೇಳದೆ ಶವ ಸುಡಬಾರದು, ಹೂಳಬಾರದು. ಸುಟ್ಟಗಾಯದಿಂದ ಬಂದವಳ ಹೇಳಿಕೆಯನ್ನು ಗಂಡನ ಕಡೆಯವರನ್ನು ಹೊರಗೆ ಕಳಿಸಿ ಪಡೆಯಬೇಕು. ಮಹಜರಿಗೆ ಬದಲಿ ಅಧಿಕಾರಿ ಯಾರೆಂದು ಯೋಜನೆಯಲ್ಲೇ ಇರಬೇಕು.

ಇಷ್ಟೆಲ್ಲ ಸರ್ಕಾರ ಮಾಡಲಿ ಎಂದು ಕೈಕಟ್ಟಿ ಕೂರೋಣವೇ? ನಮ್ಮ ಸಂಘಗಳ ಶಕ್ತಿ ಏನೆಂದು ನಮ್ಮ ಪಕ್ಕದ ರಾಜ್ಯದವರು ತೋರಿಸಿದ್ದಾರೆ. 1993ರ ಸೆಪ್ಟೆಂಬರ್ 30ರಂದು ಲಾತೂರು ಭೂಕಂಪವಾದ ಮೇಲೆ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಯ ಜೊತೆ ಮಹಿಳಾ ಮಂಡಳಗಳ ಹೆಂಗಸರು ಸಂವಾದ ಸಹಾಯಕಿಯರಾಗಿ ನಿಂತರು. ಮನೆ ಕಟ್ಟುವ ಹಣ ಎಷ್ಟು ಬಂತು, ಸಿಮೆಂಟು ಎಲ್ಲಿ, ಎಂಜಿನಿಯರು ಯಾಕೆ ಬರಲಿಲ್ಲ ಎಂದು ಲೆಕ್ಕ ಕೇಳಿದರು. 2018ರ ಆಗಸ್ಟ್‌ನಲ್ಲಿ ಕೇರಳ ಮುಳುಗಿದಾಗ ಕುಟುಂಬಶ್ರೀಯ ಹೆಂಗಸರು ಕೆಸರು ತುಂಬಿದ ಮನೆಗಳನ್ನು ಸಾವಿರಾರು ಲೆಕ್ಕದಲ್ಲಿ ತೊಳೆದರು. ಸರ್ಕಾರ ಮನೆ ಸಾಮಾನು ಕೊಳ್ಳಲು 1 ಲಕ್ಷ ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲವನ್ನು ಕುಟುಂಬಶ್ರೀ ಗುಂಪುಗಳ ಮೂಲಕ ಹೆಂಗಸರ ಕೈಗೇ ಕೊಡಿಸಿತು. ನಮ್ಮಲ್ಲಿ ಸ್ತ್ರೀಶಕ್ತಿ ಯೋಜನೆ 2000ದಲ್ಲಿ ಶುರುವಾಯಿತು. ಕೇರಿ ಕೇರಿಯಲ್ಲಿ ಸಂಘ ಇದೆ, ವಾರ ವಾರ ಸೇರುತ್ತೇವೆ, ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಗೊತ್ತಿದೆ. ಪಾಲಿಕೆಯ ಯಾವ ಕಂಪ್ಯೂಟರಿನಲ್ಲೂ ಇಲ್ಲದ ತಿಳಿವಳಿಕೆ ಇದು. ನಮ್ಮನ್ನು ದುರ್ಬಲ ವರ್ಗದ ಸಾಲಿನಲ್ಲಿ ಬರೆದು ಮುಗಿಸುವ ಬದಲು, ಯೋಜನೆ ಬರೆಯುವ ಮೇಜಿಗೆ ಕರೆಯಬೇಕಾದದ್ದು ಇದಕ್ಕೇ.

ಮುಂದಿನ ಸಂಘದ ಸಭೆಯಲ್ಲಿ ಇಷ್ಟನ್ನು ಮಾಡಿ ಎಂದು ಕೇಳಿಕೊಳ್ಳುತ್ತೇನೆ.

ಮಳೆಗಾಲಕ್ಕೆ ಮೊದಲು ಪ್ರತಿ ಸದಸ್ಯೆಯೂ ತನ್ನ ಕಾಗದಗಳ ಒಂದು ನಕಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಎತ್ತರದಲ್ಲಿರುವ ಒಬ್ಬ ನಂಬಿಕೆಯ ಗೆಳತಿಯ ಮನೆಯಲ್ಲೋ ತವರಿನಲ್ಲೋ ಇಡಲಿ. ಒಡವೆಯ ಪಟ್ಟಿ ಬರೆದು ಇಬ್ಬರ ಸಹಿ ಹಾಕಿಸಲಿ. ರಾತ್ರಿ ಹೊತ್ತು ಬಾಗಿಲು ತಟ್ಟಿದರೆ ತೆರೆಯುವ ಎರಡು ಮನೆ ಯಾವುವು ಎಂದು ಸಂಘದೊಳಗೆ ಮಾತಾಡಿಕೊಳ್ಳಿ. ಆದರೆ ಅದನ್ನು ಪುಸ್ತಕದಲ್ಲಿ ಬರೆಯಬೇಡಿ. ಫೋನಿನಲ್ಲಿ ಬಿಡಿಸಿ ಹೇಳಲಾಗದಾಗ ಹೇಳುವ ಒಂದು ಗುಟ್ಟು ಮಾತನ್ನು ಗೊತ್ತು ಮಾಡಿಕೊಳ್ಳಿ. ಉಪ್ಪು ಇದೆಯಾ ಎಂದು ಕೇಳಿದರೆ ಬೇಗ ಬಾ ಎಂದರ್ಥ, ಹಾಗೆ. 112 ಪೊಲೀಸ್ ಮತ್ತು ತುರ್ತು ಸಹಾಯ, 181 ಮಹಿಳಾ ಸಹಾಯವಾಣಿ, 1098 ಮಕ್ಕಳ ಸಹಾಯವಾಣಿ, 1077 ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ. ಈ ನಾಲ್ಕು ನಂಬರುಗಳನ್ನು ಅಡಿಗೆಮನೆಯ ಗೋಡೆಯ ಮೇಲೆ ಮಕ್ಕಳ ಕೈಯಲ್ಲಿ ಬರೆಸಿ. ಸಂಘದ ಉಳಿತಾಯದಲ್ಲಿ ಒಂದು ಸಣ್ಣ ಮೊತ್ತವನ್ನು ಆಟೋ ಬಾಡಿಗೆಗೆ, ಆಸ್ಪತ್ರೆಯ ಚೀಟಿಗೆ ಎಂದು ಬೇರೆ ಇಡಿ. ಪ್ರವಾಹದ ನೆಪದಲ್ಲಿ ಗಂಡ ಸಂಘದ ಸಾಲಕ್ಕೆ ಒತ್ತಾಯಿಸುತ್ತಿದ್ದಾನೆ ಎಂದು ಅನುಮಾನ ಬಂದರೆ ಸಾಲ ಕೊಡುವ ಮೊದಲು ಅವಳನ್ನು ಒಬ್ಬಳೇ ಕೂರಿಸಿ ಕೇಳಿ.

ಇದರ ಜೊತೆಗೆ ಒಂದು ಠರಾವು ಮಾಡಿ. ನಮ್ಮ ವಾರ್ಡಿನ ವಿಪತ್ತು ಯೋಜನೆಯನ್ನು ತಿದ್ದುವಾಗ ಸ್ವಸಹಾಯ ಸಂಘಗಳಿಂದ ಇಬ್ಬರು ಹೆಂಗಸರನ್ನು ಕರೆಯಬೇಕು, ಮೇಲಿನ ಆರು ವಿಷಯಗಳನ್ನು ಸೇರಿಸಬೇಕು ಎಂದು ನಡಾವಳಿ ಪುಸ್ತಕದಲ್ಲಿ ಬರೆದು, ಎಲ್ಲರೂ ಸಹಿ ಅಥವಾ ಹೆಬ್ಬೆಟ್ಟು ಹಾಕಿ, ಪಾಲಿಕೆ ಆಯುಕ್ತರಿಗೂ ಜಿಲ್ಲಾಧಿಕಾರಿಗೂ ಕಳಿಸಿ. ಸ್ವೀಕರಿಸಿದ್ದಕ್ಕೆ ಮುದ್ರೆ ಹಾಕಿಸಿಕೊಳ್ಳಿ. ಯೋಜನೆಯ ಪ್ರತಿ ಕೇಳಿದರೆ ಕೊಡಲಿಲ್ಲ ಎಂದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕದ ಅರ್ಜಿ, 30 ದಿನದೊಳಗೆ ಉತ್ತರ. ಬಡತನ ರೇಖೆಗಿಂತ ಕೆಳಗಿನ ಕುಟುಂಬದವರಿಗೆ ಶುಲ್ಕವೂ ಇಲ್ಲ. ಕೇಳಬೇಕಾದ ಪ್ರಶ್ನೆ ಮೂರೇ. ನಮ್ಮ ನಗರದ ಯೋಜನೆಯನ್ನು ಕೊನೆಯ ಸಲ ಯಾವಾಗ ತಿದ್ದಲಾಯಿತು? ಆ ಸಭೆಯಲ್ಲಿ ಎಷ್ಟು ಜನ ಹೆಂಗಸರಿದ್ದರು? ವಿಪತ್ತಿನ ದಿನಗಳಲ್ಲಿ ಸಂರಕ್ಷಣಾಧಿಕಾರಿಯ ಬದಲಿ ಯಾರು?

ಇದು ಗಂಡ ಹೆಂಡತಿ ಜಗಳ ಎಂದವರಿಗೆ ನಾವು ಕೂಗಾಡಿ ಉತ್ತರ ಕೊಡಬೇಕಿಲ್ಲ. ಈ ಮೂರು ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೊಟ್ಟು ಬರವಣಿಗೆಯಲ್ಲೇ ಉತ್ತರ ಕೇಳೋಣ. ಬಂದ ಉತ್ತರದ ಒಂದು ನಕಲನ್ನು, ಬಾರದಿದ್ದರೆ ಮುದ್ರೆ ಬಿದ್ದ ಅರ್ಜಿಯ ನಕಲನ್ನು ನಮಗೂ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಊರಿನ ಹೆಸರು ಸಹಿತ ಅಚ್ಚು ಹಾಕುತ್ತೇವೆ. ಯಾವ ಊರು ಉತ್ತರ ಕೊಟ್ಟಿತು, ಯಾವ ಊರು ಸುಮ್ಮನಾಯಿತು ಎಂದು ಎಲ್ಲ ಸಂಘಗಳಿಗೂ ತಿಳಿಯಲಿ.

ಸಂಪಾದಕಿ